ಮೂಗು ನೋಡಿ ಪಕ್ಷ ಹೇಳುವುದು

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ಎರಡು ದಿನ ನಗುನಗುತ್ತಾ ಹಾಲು ಹಾಕಿದರೆ ಮೂರನೆಯ ದಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಬಹಳ ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ನಿವೃತ್ತಿಯ ದಿನ ಜೊತೆಯವರು ಹಾರ ಹಾಕಿ ಹೊಗಳುತ್ತಿದ್ದರೆ, ಇವರಿಗೆ ನನ್ನಿಂದ ಇನ್ನೂ ಏನು ಕೆಲಸ ಆಗಬೇಕಾಗಿದೆ ಎಂದು ಯೋಚಿಸುತ್ತಾ ಕೂತಿದ್ದೆ. ನನ್ನ ಹೆಂಡತಿ ಇದನ್ನು ಕಾಮಾಲೆ ಎನ್ನುತ್ತಾಳೆ. ಎಲ್ಲರೂ ಹಳದಿಯಾಗಿದ್ದರೆ ನನ್ನ ಕಣ್ಣನ್ನು ಯಾಕೆ ಬೈಯುತ್ತೀಯ ಎಂದು ನಾನು ಅವಳ ಬಾಯಿ ಮುಚ್ಚಿಸುತ್ತಿದ್ದೆ.

ಈ ಗುಣಕ್ಕೆ ನೀರೆರೆದದ್ದು ಒಂದು ಹಳೇ ಪುಸ್ತಕ. ಚಳ್ಳಕೆರೆಯ ಪೇಟೆಯಲ್ಲಿ ರದ್ದಿ ಪೇಪರಿನ ಅಂಗಡಿಯೊಂದಿತ್ತು. ಮಕ್ಕಳಿಗೆ ಕತ್ತರಿಸಿ ಅಂಟಿಸಲು ಬಣ್ಣದ ಕಾಗದ ಹುಡುಕಿಕೊಂಡು ನಾನು ಅಲ್ಲಿಗೆ ಹೋಗುತ್ತಿದ್ದೆ. ಒಂದು ದಿನ ಅಂಗಡಿಯವನು ದಪ್ಪ ರಟ್ಟಿನ, ಇಟ್ಟಿಗೆಯಷ್ಟು ಭಾರದ ಪುಸ್ತಕವೊಂದನ್ನು ನನ್ನ ಮುಂದೆ ಹಾಕಿ, "ತಗೊಂಡೋಗ್ರಿ ಮೇಷ್ಟ್ರೇ, ಇದ್ರ ಕಾಗ್ದ ಬಹುತ್ ಗಟ್ಟಿ, ಪೊಟ್ಣ ಕಟ್ಟಾಕೂ ಬರಂಗಿಲ್ಲ," ಎಂದ. ಬಿಚ್ಚಿ ನೋಡಿದರೆ ಅದು ವಿಕ್ಟೋರಿಯಾ ಕಾಲದ ಇಂಗ್ಲಿಷ್ ವಾರಪತ್ರಿಕೆಯೊಂದರ ಒಂದು ವರ್ಷದ ಸಂಚಿಕೆಗಳು. ಯಾರೋ ಜತನದಿಂದ ಒಟ್ಟಿಗೆ ಹೊಲಿಸಿ ಇಟ್ಟಿದ್ದರು. ಪ್ರತಿ ವಾರಕ್ಕೂ ಇಡೀ ಪುಟದ ಒಂದು ವ್ಯಂಗ್ಯಚಿತ್ರ.

ಹೆಚ್ಚಿನ ಚಿತ್ರಗಳಲ್ಲಿ ಇದ್ದವರು ಇಬ್ಬರೇ. ಎರಡು ಪಕ್ಷಗಳ ಇಬ್ಬರು ನಾಯಕರು. ಒಬ್ಬನದು ಕಿವಿ ಮುಟ್ಟುವಷ್ಟು ಎತ್ತರದ ಕಾಲರು, ಇನ್ನೊಬ್ಬನದು ಹಣೆಯ ಮೇಲೆ ಇಳಿಬಿದ್ದ ಗುಂಗುರು ಕೂದಲು. ಒಂದು ವಾರ ಇಬ್ಬರೂ ಅಡಿಗೆಯವರಾಗಿ ಒಂದೇ ಪಾತ್ರೆಯಲ್ಲಿ ಸೌಟು ಹಾಕಿ ಜಗಳವಾಡುತ್ತಾರೆ, ಮುಂದಿನ ವಾರ ಅಗಸಗಿತ್ತಿಯರಾಗಿ ಒಬ್ಬರ ಕೊಳೆಬಟ್ಟೆಯನ್ನು ಇನ್ನೊಬ್ಬರು ಊರಿಗೆಲ್ಲ ತೋರಿಸುತ್ತಾರೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಕೆಳಗಿನ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಜಗಳ ಅರ್ಥವಾಗಲು ಇಂಗ್ಲಿಷು ಯಾಕೆ ಬೇಕು?

ಒಂದು ಬೇಸಿಗೆ ರಜೆಯಲ್ಲಿ ಆ ಚಿತ್ರಗಳನ್ನೆಲ್ಲ ಸಾಲಾಗಿ ನೋಡಿದ ಮೇಲೆ ನನಗೊಂದು ಗುಟ್ಟು ಹೊಳೆಯಿತು. ಚಿತ್ರಕಾರ ಇಬ್ಬರನ್ನೂ ಸಮವಾಗಿ ಗೇಲಿ ಮಾಡಿದಂತೆ ಕಾಣುತ್ತಿತ್ತು. ಆದರೆ ಮೂಗು ನೋಡಬೇಕು. ಕಾಲರಿನವನ ಮೂಗು ಯಾವಾಗಲೂ ಅಳತೆಯಲ್ಲಿ ಇರುತ್ತಿತ್ತು. ಗುಂಗುರು ಕೂದಲಿನವನ ಮೂಗು ಮಾತ್ರ ವಾರದಿಂದ ವಾರಕ್ಕೆ ಬದನೆಕಾಯಿಯಾಗುತ್ತಾ ಹೋಗುತ್ತಿತ್ತು. ವರ್ಷದ ಕೊನೆಯ ಸಂಚಿಕೆಗಳಲ್ಲಿ ಸರ್ಕಾರ ಬದಲಾದ ಹಾಗಿತ್ತು. ಆಗ ಮೂಗುಗಳೂ ನಿಧಾನವಾಗಿ ಬದಲಾದವು. ಅಂದಿನಿಂದ ಯಾವ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂದರೂ ನಾನು ಮೊದಲು ಮೂಗುಗಳನ್ನು ನೋಡುತ್ತೇನೆ. ಯಾರ ಮೂಗು ಚಿಕ್ಕದಾಗಿದೆಯೋ ಅವರ ಮನೆಯಲ್ಲಿ ಚಿತ್ರಕಾರನಿಗೆ ಊಟವಾಗಿದೆ ಎಂದು ತಿಳಿದುಕೊಳ್ಳುತ್ತೇನೆ. ಬಹಳ ಸಲ ಈ ಲೆಕ್ಕ ತಪ್ಪಾಗಿಲ್ಲ, ಅದೇ ನನ್ನ ತಲೆ ತಿರುಗಿಸಿದ್ದು.

ಆ ಪುಸ್ತಕ ನನಗೆ ಹತ್ತಿರವಾಗಲು ಇನ್ನೊಂದು ಕಾರಣವಿತ್ತು. ನಾನು ಹುಟ್ಟಿದ್ದು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ. ಅಪ್ಪ ರೇಷ್ಮೆ ಸೀರೆಯ ಅಂಚು, ಸೆರಗುಗಳ ವಿನ್ಯಾಸವನ್ನು ಚೌಕಳಿ ಕಾಗದದ ಮೇಲೆ ಬರೆದುಕೊಡುತ್ತಿದ್ದ. ನಮ್ಮ ಮಗ್ಗಗಳಲ್ಲಿ ನೇಯುವಾಗ ಸೀರೆಯ ಒಳಮೈ ಮೇಲಿರುತ್ತದೆ, ಹೊರಮೈ ನೆಲದ ಕಡೆಗೆ. ಹಾಗಾಗಿ ಎಡಕ್ಕೆ ನೋಡುವ ಗಿಳಿ ಬೇಕಾದರೆ ಬಲಕ್ಕೆ ನೋಡುವ ಗಿಳಿ ಬರೆಯಬೇಕು. ಮದುವೆ ಸೀರೆಯ ಸೆರಗಿನಲ್ಲಿ ಹೆಣ್ಣು ಗಂಡಿನ ಹೆಸರು ಬೇಕೆಂದವರಿಗೆ ಅಪ್ಪ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಕ್ಷರ ಬರೆಯುತ್ತಿದ್ದ. ನನಗೂ ತಂಗಿಗೂ ಅ ಆ ಇ ಈ ಕಲಿಯುವುದಕ್ಕೆ ಮೊದಲೇ ತಿರುಗಿಸಿದ ಅಕ್ಷರ ಓದಲು ಬರುತ್ತಿತ್ತು. ವಿಕ್ಟೋರಿಯಾ ಕಾಲದ ಆ ಚಿತ್ರಕಾರರೂ ಹಾಗೆಯೇ, ಮರದ ಅಚ್ಚಿನ ಮೇಲೆ ತಿರುಗಿಸಿ ಬರೆಯಬೇಕಿತ್ತು. ಅಚ್ಚಾದಾಗ ಅದು ನೇರವಾಗುತ್ತಿತ್ತು. ನನ್ನ ಪುಸ್ತಕದ ಒಂದು ಚಿತ್ರದಲ್ಲಿ ಕಾಲರಿನವನು ಎಡಗೈಯಲ್ಲಿ ಬರೆಯುತ್ತಿದ್ದಾನೆ. ಯಾರೋ ತಿರುಗಿಸುವುದನ್ನು ಮರೆತಿದ್ದಾರೆ ಎಂದು ನಾನು ನೋಡಿದ ಕೂಡಲೇ ಕಂಡುಹಿಡಿದೆ, ಅಪ್ಪ ಬದುಕಿದ್ದರೆ ತೋರಿಸಬಹುದಿತ್ತು ಅಂತ ಅವತ್ತು ಬಹಳ ಅನ್ನಿಸಿತು.

ಈಗ ನನ್ನ ತಂಗಿಯ ವಿಷಯ. ಗಂಡ ತೀರಿಕೊಂಡ ಮೇಲೆ ಅವಳು ಮೊಳಕಾಲ್ಮೂರಿನ ಅಪ್ಪನ ಮನೆಗೇ ಬಂದು ನೆಲೆಸಿ, ಅಪ್ಪನ ಮಗ್ಗದಲ್ಲೇ ಸೀರೆ ನೇಯುತ್ತಾಳೆ. ನಮ್ಮ ಸಂದಿಯ ಮಗ್ಗಗಳೆಲ್ಲ ನೆಲದಲ್ಲಿ ಗುಂಡಿ ತೋಡಿ ಕೂರಿಸಿದವು. ನೇಯುವವರು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಸಂದಿಯ ಪಕ್ಕದಲ್ಲೇ ಹರಿಯುವ ಚರಂಡಿ ಎಲ್ಲೋ ಒಡೆದು, ಅದರ ನೀರು ನೆಲದೊಳಗೆ ಜಿನುಗಿ ಈ ಗುಂಡಿಗಳಲ್ಲಿ ಬಂದು ನಿಲ್ಲತೊಡಗಿತ್ತು. ಹೆಂಗಸರು ಬೆಳಿಗ್ಗೆ ಎದ್ದು ಚೊಂಬಿನಲ್ಲಿ ನೀರು ತೋಡಿ ಹಾಕಿ ಆಮೇಲೆ ಮಗ್ಗಕ್ಕೆ ಇಳಿಯಬೇಕು. ಕಾಲು ನೀರಿನಲ್ಲಿ ನೆನೆದು ಬೆಳ್ಳಗಾಗಿ ಬೆರಳ ಸಂದಿಯಲ್ಲಿ ಹುಣ್ಣು. ಚರಂಡಿಯನ್ನು ಸಂದಿಯ ಆಚೆಗೆ ತಿರುಗಿಸಿ ಕೊಡಿ ಎಂದು ಕೇಳಿ ಕೇಳಿ ಸಾಕಾಗಿ, ತಂಗಿ ಪಟ್ಟಣ ಪಂಚಾಯಿತಿಯ ಚುನಾವಣೆಗೆ ಪಕ್ಷೇತರಳಾಗಿ ನಿಂತುಬಿಟ್ಟಳು.

ನನಗೆ ಹೆದರಿಕೆಯೂ ಆಯಿತು, ಹೆಮ್ಮೆಯೂ ಆಯಿತು. "ನೀನು ಗೆದ್ದರೆ ಏನು ಮಾಡ್ತೀಯ?" ಎಂದು ಕೇಳಿದೆ.

"ಚರಂಡಿ ತಿರುಗಿಸ್ತೀನಿ. ಅಷ್ಟೇ ಕಣಣ್ಣ. ಆಮ್ಯಾಲೆ ರಾಜೀನಾಮೆ ಕೊಡು ಅಂದ್ರೂ ಕೊಡ್ತೀನಿ," ಎಂದಳು.

ಅವಳ ಎದುರಾಳಿಗಳು ಇಬ್ಬರು, ಎರಡು ದೊಡ್ಡ ಪಕ್ಷಗಳವರು. ಆ ಪಕ್ಷಗಳ ಕಚೇರಿಗಳು ಬೀದಿಯ ಎರಡು ಬದಿಗೆ ಎದುರುಬದುರಾಗಿವೆ. ಬಸ್ ಸ್ಟ್ಯಾಂಡಿನಿಂದ ನಡೆದು ಬರುವವರಿಗೆ ಎಡಕ್ಕೆ ಒಂದು, ಬಲಕ್ಕೆ ಒಂದು. ಎಡಗಡೆಯದನ್ನು ಮೂಡಲ ಸಾಲು, ಬಲಗಡೆಯದನ್ನು ಪಡುವಲ ಸಾಲು ಎಂದು ಊರವರು ಕರೆಯುವುದರಿಂದ ನಾನೂ ಹಾಗೇ ಕರೆಯುತ್ತೇನೆ. ವಾರ್ಡಿನ ಹಾಲಿ ಸದಸ್ಯ ಮೂಡಲ ಸಾಲಿನವನು. ಚರಂಡಿಯ ಅರ್ಜಿಗಳನ್ನೆಲ್ಲ ತೆಗೆದುಕೊಂಡು ತಲೆಯಾಡಿಸಿದವನು ಅವನೇ. ಪಡುವಲ ಸಾಲಿನವರು ಆ ವಾರ್ಡಿನಲ್ಲಿ ಗೆದ್ದು ಬಹಳ ಕಾಲವಾಗಿತ್ತು.

ತಂಗಿಗೆ ಒಂದು ಕರಪತ್ರ ಬೇಕಿತ್ತು. ಚಿತ್ರ ನಾನು ಬರೆಯುತ್ತೇನೆ ಎಂದೆ. ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಅದಕ್ಕೆ ಹೇಳಿ ಮಾಡಿಸಿದಂಥ ಚಿತ್ರವೊಂದಿತ್ತು. ಒಂದು ಬೀದಿಯಲ್ಲಿ ಎದುರುಬದುರು ಎರಡು ದಿನಸಿ ಅಂಗಡಿ, ಬಾಗಿಲಲ್ಲಿ ಇಬ್ಬರು ನಾಯಕರು ನಿಂತು ಮುಷ್ಟಿ ತೋರಿಸಿ ಬೈದಾಡುತ್ತಿದ್ದಾರೆ. ಚಿತ್ರಕಾರ ಬೀದಿಯ ನೆಲವನ್ನು ಕತ್ತರಿಸಿ ಕೆಳಗಿನದನ್ನೂ ತೋರಿಸಿದ್ದಾನೆ: ಎರಡೂ ಅಂಗಡಿಗೆ ನೆಲಮಾಳಿಗೆ ಒಂದೇ, ಅದರಲ್ಲಿರುವ ಹುಳುಕು ಹಿಟ್ಟಿನ ಮೂಟೆಯೂ ಒಂದೇ. ನಡುಬೀದಿಯಲ್ಲಿ ಖಾಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ಅಧಿಕಾರದಲ್ಲಿರುವವನ ಕಡೆಗೆ ಬೆರಳೆತ್ತಿ ಗದರಿಸುತ್ತಿದ್ದಾಳೆ. ನಾನು ಬುಟ್ಟಿಯ ಬದಲು ಅವಳ ಕೈಗೆ ಮಗ್ಗದ ಲಾಳಿ ಕೊಟ್ಟೆ. ನೆಲಮಾಳಿಗೆಯ ಜಾಗದಲ್ಲಿ ಚರಂಡಿ ಬರೆದೆ. ಇಬ್ಬರ ಕೊಳೆನೀರೂ ಅದಕ್ಕೇ ಇಳಿದು, ಅದು ನೇರ ಹೋಗಿ ಮಗ್ಗದ ಗುಂಡಿಗೆ ಬೀಳುವಂತೆ ಮಾಡಿದೆ. ಇಬ್ಬರಿಗೂ ಒಂದೇ ಅಳತೆಯ ದೊಡ್ಡ ಮೂಗು ಇಟ್ಟೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಯಾರ ಹೆಸರನ್ನೂ ಚಿಹ್ನೆಯನ್ನೂ ಹಾಕಲಿಲ್ಲ. ಹೆಂಗಸಿನ ಬೆರಳು ಮಾತ್ರ ಎಡಗಡೆಯ ಮೂಡಲ ಸಾಲಿನ ಕಡೆಗೆ ಇರಬೇಕು, ಅಷ್ಟು ಸಾಕು, ಊರಿಗೆ ಅರ್ಥವಾಗುತ್ತದೆ ಎಂದುಕೊಂಡೆ.

ಬರೆದದ್ದು ತಂಗಿಯ ಮನೆಯಲ್ಲಿ, ಅಪ್ಪ ಕೂರುತ್ತಿದ್ದ ಕಿಟಕಿಯ ಹತ್ತಿರ, ಅಪ್ಪ ಬಿಟ್ಟುಹೋದ ಚೌಕಳಿ ಕಾಗದದ ಮೇಲೆ. ನಾಲ್ಕು ದಿನ ಬಹಳ ಖುಷಿಯಲ್ಲಿದ್ದೆ. ಮುಗಿಸಿ ತಂಗಿಗೆ ತೋರಿಸಿದೆ. ಅವಳು ಮಗ್ಗದಲ್ಲಿ ಕೂತಿದ್ದಂತೆಯೇ ಕತ್ತು ಹೊರಳಿಸಿ ನೋಡಿ, "ಹಾಲಿ ಮೆಂಬರಿಗೆ ಸರಿಯಾಗಿ ಬೆರಳು ತೋರ್ಸಿದೀಯ," ಎಂದು ನಕ್ಕಳು. ನಾನು ಚಿತ್ರವನ್ನು ಚಳ್ಳಕೆರೆಗೆ ತಂದು ಪ್ರಿಂಟಿಂಗ್ ಪ್ರೆಸ್ಸಿಗೆ ಕೊಟ್ಟೆ. ಕೆಳಗಿನ ಮಾತುಗಳನ್ನು ಅವರೇ ಕಂಪ್ಯೂಟರಿನಲ್ಲಿ ಹೊಡೆದರು. ಕಟ್ಟುಗಳನ್ನು ಮೊಳಕಾಲ್ಮೂರಿನ ಬಸ್ಸಿಗೆ ಹಾಕಿಸಿದೆ.

ಮೂರನೆಯ ದಿನ ನಾನೇ ಬಸ್ಸು ಹತ್ತಿ ಹೋದೆ. ಊರು ಏನನ್ನುತ್ತದೆ ಎಂದು ಕೇಳುವ ಆಸೆ. ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದಾಗ ಇಬ್ಬರು ಕರಪತ್ರ ಹಿಡಿದು ಮಾತಾಡುತ್ತಿದ್ದರು.

"ಇದೇನಲೇ, ಅಧಿಕಾರ ಇಲ್ದೋರಿಗೆ ಬೆರಳು ತೋರ್ಸವಳೆ, ಇರೋರಿಗೆ ಬೆನ್ನು ಹಾಕಿ ನಿಂತವಳೆ? ಚರಂಡಿ ಒಡೆದಿದ್ದು ಪಡುವಲ ಸಾಲಿನೋರೇನು?"

"ನಿನಗಿನ್ನೂ ಗೊತ್ತಾಗ್ಲಿಲ್ವೇನಲೇ? ಮೂಡಲ ಸಾಲಿನೋರೇ ಆವಮ್ಮನ್ನ ನಿಲ್ಸಿರೋದು. ಅವ್ರ ಮ್ಯಾಲೆ ಸಿಟ್ಟಿರೋ ಓಟೆಲ್ಲ ಪಡುವಲ ಸಾಲಿಗೆ ಹೋಗ್ಬಾರ್ದು, ಒಡೀಬೇಕು ಅಂತ. ಚಿತ್ರ ಬರ್ದೋನ ಹೆಸ್ರಾದ್ರೂ ಐತೇನು ನೋಡು. ಅವ್ರ ಕಡೆಯೋನೇ ಇರ್ಬೇಕು."

ನಾನು ಅವರ ಹೆಗಲ ಮೇಲಿಂದ ಇಣುಕಿದೆ. ಹೆಂಗಸಿನ ಬೆರಳು ಬಲಕ್ಕಿತ್ತು. ನನ್ನ ಕೈ ತಾನಾಗಿಯೇ ಅಪ್ಪನ ಕೆಲಸ ಮಾಡಿತ್ತು. ಮುಂದೆ ಅಚ್ಚಾಗುವ ಚಿತ್ರ ಎಂದರೆ ತಿರುಗಿಸಿ ಬರೆಯಬೇಕು ಎಂದು ಆ ಕೈಗೆ ಗೊತ್ತು, ಕಂಪ್ಯೂಟರಿನ ಪ್ರೆಸ್ಸು ಇದ್ದದ್ದನ್ನು ಇದ್ದ ಹಾಗೆ ಹೊಡೆಯುತ್ತದೆ ಎಂದು ಗೊತ್ತಿಲ್ಲ. ತಂಗಿಯೂ ಅದನ್ನು ಮಗ್ಗದ ಮನೆಯವರು ಓದುವ ಹಾಗೆ ತಿರುಗಿಸಿಕೊಂಡು ಓದಿದ್ದಳು. ಊರಿನ ಮಿಕ್ಕವರು ಕಾಗದದ ಮೇಲೆ ಇದ್ದದ್ದನ್ನು ಓದಿದರು. ಟೀ ಲೋಟ ಅರ್ಧಕ್ಕೆ ಬಿಟ್ಟು, ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಲ್ಲಿ ತಂಗಿಯ ಮನೆಗೆ ಓಡಿದೆ.

ಹೇಳಿದರೆ ಅವಳು ನಕ್ಕುಬಿಟ್ಟಳು. "ಅಯ್ಯೋ, ನಾನೂ ನೋಡ್ಲಿಲ್ಲ ನೋಡು! ಇರ್ಲಿ ಬಿಡಣ್ಣ. ಹಂಚಿ ಆಗೋತು. ಬಾಯಿ ಮಾತಾಗೆ ಹೇಳ್ಕೊಂಡು ಬರ್ತೀನಿ."

"ಬೇರೆ ಹೊಡೆಸ್ತೀನಿ, ನಾಳೆ ಸಂಜೆಗೆ ತಂದು ಕೊಡ್ತೀನಿ," ಎಂದೆ.

"ಬ್ಯಾಡ. ಸುಮ್ನಿರು," ಎಂದು ಅವಳು ಲಾಳಿ ಎಳೆದಳು.

ಆಗ ನನಗೆ ಸಮಾಧಾನವಾಯಿತು. ಆದರೆ ವಾಪಸು ಬರುವಾಗ ಬಸ್ಸು ನಡುದಾರಿಯ ತಳಕು ಊರು ದಾಟುವ ಹೊತ್ತಿಗೆ ಸಮಾಧಾನ ಕರಗಿ ಅದರ ಜಾಗದಲ್ಲಿ ನನ್ನ ಹಳೇ ರೋಗ ಕೂತಿತ್ತು. ಯಾಕೆ ಬೇಡ ಎಂದಳು? ಇಷ್ಟು ದೊಡ್ಡ ತಪ್ಪಿಗೆ ಒಂದು ಮಾತು ಬೈಯಲಿಲ್ಲ, ಯಾಕೆ? ಚಿಕ್ಕಂದಿನಲ್ಲಿ ನಾನು ಅವಳ ಬಳಪ ಮುರಿದರೆ ವಾರಗಟ್ಟಲೆ ಮಾತು ಬಿಡುತ್ತಿದ್ದವಳು. ಮಗ್ಗದ ಮನೆಯವಳಿಗೆ ಎಡ ಬಲ ತಿಳಿಯದೇ ಹೋಯಿತೇ? ಇಲ್ಲಾ, ತಿಳಿದೂ ಸುಮ್ಮನಿದ್ದಳೇ? ಅದೇ ತಪ್ಪನ್ನು ನಾನೂ ಮಾಡಿದ್ದೆ, ನಾನೂ ಮಗ್ಗದ ಮನೆಯವನೇ ಎಂಬುದು ಆ ಬಸ್ಸಿನಲ್ಲಿ ನನಗೆ ಒಂದು ಸಲವೂ ನೆನಪಾಗಲಿಲ್ಲ.

ಮನೆಗೆ ಬಂದವನು ಆ ಇಂಗ್ಲಿಷ್ ಪುಸ್ತಕ ತೆಗೆದು ಕೂತೆ. ಪುಟ ಪುಟದಲ್ಲೂ ಅದೇ ಪಾಠ: ಹೊರಗೆ ಜಗಳ, ಒಳಗೆ ಒಂದೇ ನೆಲಮಾಳಿಗೆ. ನಡುವೆ ನಿಂತ ಹೆಂಗಸಿನ ಮುಖವನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಎಷ್ಟು ಮುಗ್ಧ ಮುಖ! ಮೂಗು ಎಷ್ಟು ಚಿಕ್ಕದು! ಹಾಗಾದರೆ ಇವಳನ್ನು ನಿಲ್ಲಿಸಿದವರು ಯಾರು ಎಂದು ಆ ಕಾಗದದ ಹೆಂಗಸಿನ ಮೇಲೂ ನನಗೆ ಅನುಮಾನ ಬಂತು. ನಾನು ಇದನ್ನು ತಮಾಷೆಗೆ ಬರೆಯುತ್ತಿಲ್ಲ, ನಿಜವಾಗಿ ಬಂತು.

ಮತದಾನಕ್ಕೆ ನಾಲ್ಕು ದಿನ ಇರುವಾಗ ಹೇಳದೆ ಕೇಳದೆ ಮಧ್ಯಾಹ್ನದ ಬಸ್ಸಿಗೆ ಹೋದೆ. ಹೇಳದೆ ಹೋದದ್ದು ಯಾಕೆಂದು ನನಗೆ ಗೊತ್ತಿತ್ತು, ಹಿಡಿಯಲು ಹೋಗಿದ್ದೆ. ಸಂದಿಯ ಬಾಯಲ್ಲಿ ಹಾಲಿ ಸದಸ್ಯನ ಮೋಟರ್ ಬೈಕು ನಿಂತಿತ್ತು. ಅವನು ತಂಗಿಯ ಮನೆಯಿಂದಲೇ ತುಟಿ ಒರೆಸಿಕೊಳ್ಳುತ್ತಾ ಹೊರಗೆ ಬಂದ. ನನ್ನನ್ನು ಕಂಡು ಎರಡೂ ಕೈ ಮುಗಿದು, "ನಮಸ್ಕಾರ ಮೇಷ್ಟ್ರೇ. ಚಿತ್ರ ಭಾಳ ಚೆನ್ನಾಗಿ ಬಂದೈತ್ರಿ," ಎಂದು ಹೇಳಿ ಬೈಕು ಹತ್ತಿದ.

ಒಳಗೆ ಎರಡು ಕಾಫಿ ಲೋಟ ಇದ್ದವು. ತಂಗಿ ಟೈಪು ಮಾಡಿದ ಕಾಗದವೊಂದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಅವನು ಯಾಕೆ ಬಂದಿದ್ದ?"

"ಸುಮ್ನೆ. ಮಾತಾಡಿಸ್ಕೊಂಡು ಹೋಗಾಕೆ."

"ಆ ಕಾಗದ ಏನು?"

"ಏನಿಲ್ಲ ಬಿಡಣ್ಣ. ಕೈಕಾಲು ತೊಳ್ಕೋ, ಉಣ್ಣು."

ಉಂಡೆ. ಎದುರು ಮನೆಯ ದೊಡ್ಡವ್ವ ಬಂದು ಬಾಗಿಲಲ್ಲಿ ಕೂತಳು. ಎಂಬತ್ತರ ಹತ್ತಿರದ ಮುದುಕಿ, ಮಾತು ಅರ್ಧ ತೆಲುಗು ಅರ್ಧ ಕನ್ನಡ. ತಂಗಿಯ ಮಗ್ಗಕ್ಕೆ ಕಂಡಿಕೆಗೆ, ಅಂದರೆ ಲಾಳಿಯೊಳಗೆ ಇಡುವ ಸಣ್ಣ ಕಡ್ಡಿಗೆ, ನೂಲು ಸುತ್ತಿಕೊಡುವವಳು ಅವಳೇ. ಅದೇ ಅವಳ ಸಂಪಾದನೆ, ಅದೇ ಅವಳ ಹೊತ್ತು ಕಳೆಯುವ ದಾರಿ. "ಏಮಿ ನಾಯನಾ, ಮೊನ್ನೆ ಮಗ್ಗದ ಮ್ಯಾಲೆ ಕೈಯಿಟ್ಟು ಹೇಳೀನಿ, ನನ್ನ ಓಟು ನಿನ್ನ ಚೆಲ್ಲಿಗೇ, ನಿನ್ನ ತಂಗಿಗೇ," ಎಂದಳು. ನಮ್ಮ ಸಂದಿಯಲ್ಲಿ ಆಣೆಯೆಂದರೆ ಅದು, ಮಗ್ಗದ ಮುಂದಿನ ಮರದ ಮೇಲೆ ಕೈಯಿಡುವುದು. ಪಕ್ಷಗಳವರು ಮನೆಮನೆಗೆ ಬಂದು ದೇವರ ಫೋಟೊ ಮುಟ್ಟಿಸಿಕೊಂಡು ಹೋಗುತ್ತಾರೆ. ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಮಗ್ಗದ ಮೇಲೆ ಇಟ್ಟ ಕೈ ಮಾತ್ರ ಲೆಕ್ಕ. ತಂಗಿ ನನ್ನನ್ನು ಕೈಯಿಡು ಎಂದು ಕೇಳಲಿಲ್ಲ. ಕೇಳದಿದ್ದದ್ದೂ ನನಗೆ ಅನುಮಾನಕ್ಕೆ ಇನ್ನೊಂದು ಕಾರಣವಾಯಿತು. ನನ್ನ ಓಟು ಬೇಕಾಗಿಲ್ಲ ಇವಳಿಗೆ, ಎಲ್ಲ ಮೊದಲೇ ಕುದುರಿದೆ ಎಂದುಕೊಂಡೆ.

ನನ್ನ ಹೆಸರು ಇವತ್ತಿಗೂ ಮೊಳಕಾಲ್ಮೂರಿನ ಮತದಾರರ ಪಟ್ಟಿಯಲ್ಲೇ ಇದೆ. ಚಳ್ಳಕೆರೆಗೆ ಬದಲಾಯಿಸಲು ಮನಸ್ಸಾಗಿಲ್ಲ. ಮತದಾನದ ದಿನ ಬೆಳಗಿನ ಬಸ್ಸಿಗೆ ಹೋಗಿ ಸರದಿಯಲ್ಲಿ ನಿಂತೆ. ತಂಗಿ ದೂರದಲ್ಲಿ ಮರದ ಕೆಳಗೆ ನಿಂತಿದ್ದಳು, ನನ್ನನ್ನು ಕಂಡು ಕೈ ಬೀಸಿದಳು. ನಾನೂ ಬೀಸಿದೆ. ಒಳಗೆ ಹೋಗಿ ಮತಯಂತ್ರದ ಮುಂದೆ ನಿಂತೆ. ಮೂಡಲ ಸಾಲಿನವರ ಆಟ ನಡೆಯಬಾರದು, ನನ್ನ ತಂಗಿಯನ್ನು ಬಳಸಿಕೊಂಡು ಅವರು ಗೆಲ್ಲಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಲು ದೊಡ್ಡ ನ್ಯಾಯದ ಮಾತು. ಪಡುವಲ ಸಾಲಿನವನ ಗುಂಡಿ ಒತ್ತಿದೆ. ಅವನ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ.

ಎಣಿಕೆಯ ದಿನ ಹಾಲಿ ಸದಸ್ಯನೇ ಮತ್ತೆ ಗೆದ್ದ, ಪಡುವಲ ಸಾಲಿನವನು ಎರಡನೆಯವನಾದ, ತಂಗಿ ಬಹಳ ಹಿಂದೆ ಉಳಿದಳು. ಎಣಿಕೆಯ ಕೇಂದ್ರದ ಹೊರಗೆ ಹಾರ ಹಾಕಿಸಿಕೊಂಡು ನಿಂತಿದ್ದ ಗೆದ್ದವನು ನನ್ನನ್ನು ಕಂಡು ಕರೆದ. ಗೆಲುವಿನ ಹುಮ್ಮಸ್ಸಿನಲ್ಲಿ ಮನುಷ್ಯ ನಿಜ ಹೇಳಿಬಿಡುತ್ತಾನೆ.

"ಮೇಷ್ಟ್ರೇ, ನಿಮ್ಮ ತಂಗಿ ಭಾಳ ಹಟಮಾರಿ ಕಣ್ರಿ. ನಾನೇ ಮನೀಗೆ ಹೋಗಿ ಕೇಳ್ಕಂಡೆ. ಕಣದಿಂದ ಹಿಂದಕ್ಕೆ ಸರೀತೀನಿ, ನಮಗೆ ಬೆಂಬಲ ಅಂತ ಬರ್ದು ಕಾಗದಾನೂ ತಗೊಂಡೋಗಿದ್ದೆ. ಒಂದು ಸಹಿ ಹಾಕವ್ವ, ನಿನ್ನ ಮನೆ ಮುಂದಿನ ಚರಂಡಿ ನಾಳೇನೇ ತಿರುಗಿಸ್ತೀನಿ ಅಂದೆ. ಏನಂದ್ಲು ಗೊತ್ತಾ? ನನ್ನ ಮನೆ ಒಂದೇ ಒಣಗಿದ್ರೆ ಆ ನೀರು ಎದುರು ಮನೆ ಗುಂಡೀಗೆ ಹೋಗ್ತದೆ, ಸಂದಿ ಪೂರ್ತಿ ತಿರುಗಿಸಿ ಆಮ್ಯಾಲೆ ಬಾ ಅಂದ್ಲು. ಕಾಗದ ತಾನೇ ಇಟ್ಕಂಡು, ಕಾಫಿ ಕೊಟ್ಟು ಕಳಿಸಿದ್ಲು."

ಯಾರೋ ನನ್ನ ಬಾಯಿಗೂ ಪೇಡ ತುರುಕಿದರು. ತಂಗಿಯ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಸೀದಾ ಬಸ್ಸು ಹತ್ತಿ ಚಳ್ಳಕೆರೆಗೆ ಬಂದೆ. ಹೆಂಡತಿಗೆ ಕೂಡ ಹೇಳಲಿಲ್ಲ. ಒಂದು ತಿಂಗಳ ಕಾಲ ಫೋನಿನಲ್ಲಿ ತಂಗಿಯೊಂದಿಗೆ ಆ ಮಾತು ಈ ಮಾತು ಆಡಿ ತಪ್ಪಿಸಿಕೊಂಡೆ. ಆ ಪುಸ್ತಕವನ್ನು ತೆರೆಯಲಿಲ್ಲ. ಚಿತ್ರಕಾರರ ಪಕ್ಷಪಾತ ಹಿಡಿಯುತ್ತಾ ಇಷ್ಟು ವರ್ಷ ಕಳೆದ ನನ್ನ ಮೇಲೆ ನನಗೇ ಅಸಹ್ಯವಾಗಿತ್ತು.

ಒಂದು ತಿಂಗಳ ಮೇಲೆ ಅಪ್ಪನ ತಿಥಿಗೆ ಹೋಗಲೇಬೇಕಾಯಿತು. ಊಟ ಮುಗಿದು ಬಂದವರೆಲ್ಲ ಹೋದ ಮೇಲೆ ತಂಗಿ ಮಗ್ಗಕ್ಕೆ ಇಳಿದಳು. ಕಂಡಿಕೆಗಳನ್ನು ಅವಳೇ ಸುತ್ತಿಕೊಂಡು ಬುಟ್ಟಿಯಲ್ಲಿ ಇಟ್ಟುಕೊಂಡಿದ್ದಳು. ಎದುರು ಮನೆಯ ಬಾಗಿಲು ತೆರೆದಿತ್ತು, ದೊಡ್ಡವ್ವ ಹೊಸಿಲ ಮೇಲೆ ಸುಮ್ಮನೆ ಕೂತು ಈ ಕಡೆಗೇ ನೋಡುತ್ತಿದ್ದಳು. ತಿಥಿಯ ಊಟಕ್ಕೂ ಅವಳು ಬಂದಿರಲಿಲ್ಲ.

"ದೊಡ್ಡವ್ವ ಯಾಕೆ ಬರಲಿಲ್ಲ?" ಎಂದೆ.

"ಕರೀಲಿಲ್ಲ," ಎಂದಳು ತಂಗಿ. ಸ್ವಲ್ಪ ಹೊತ್ತು ನೇಯ್ದು ಆಮೇಲೆ ಹೇಳಿದಳು. "ಸೋತಿದ್ದಕ್ಕೆ ಬೇಜಾರಿಲ್ಲ ಕಣಣ್ಣ. ಮಗ್ಗದ ಮ್ಯಾಲೆ ಕೈಯಿಟ್ಟೋರು ಎಷ್ಟು ಜನ ಅಂತ ನನಗೆ ಗೊತ್ತಿತ್ತು. ಜೊತೀಗೆ ನಾನು, ನೀನು. ಅಷ್ಟೇ ಬರ್ತವೆ, ಬೇರೆ ಒಂದೂ ಬರಲ್ಲ ಅಂತಾನೂ ಗೊತ್ತಿತ್ತು. ಎಣಿಸಿದ್ರೆ ಒಂದು ಕಮ್ಮಿ ಐತೆ. ದೊಡ್ಡವ್ವನ ಮೊಮ್ಮಗ ಗೆದ್ದೋನ ಟ್ರ್ಯಾಕ್ಟರು ಹೊಡೀತಾನೆ. ಇನ್ಯಾರು ಇರ್ತಾರೆ? ನನ್ನ ಮಗ್ಗ ಮುಟ್ಟಿ ಸುಳ್ಳು ಹೇಳಿದ್ಲಲ್ಲ ಅಂತ ಹೊಟ್ಟೆ ಉರೀತದೆ. ಆವಮ್ಮನ್ನ ಕೇಳ್ಲೂ ಇಲ್ಲ ನಾನು. ಕಂಡಿಕೆ ಕೊಡೋದು ನಿಲ್ಲಿಸ್ಬಿಟ್ಟೆ."

ದೊಡ್ಡವ್ವ ಬೀದಿಯಾಚೆಯಿಂದ ಕತ್ತು ಚಾಚಿ, "ಏಮಿ ನಾಯನಾ, ಈಗ ಬಂದ್ಯಾ?" ಎಂದು ಕೂಗಿದಳು. ನಾನು ಹೂಂ ಎಂದೆ. ತಂಗಿ ತಲೆಯೆತ್ತಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಮುದುಕಿಗೆ ಇನ್ನೆಷ್ಟು ದಿನ, ಇವಳೂ ನಾಳೆ ಮರೆಯುತ್ತಾಳೆ ಎಂದು ಒಳಗೊಂದು ದನಿ ಹೇಳಿತು. ಆ ದನಿಯನ್ನು ನಾನು ಚೆನ್ನಾಗಿ ಬಲ್ಲೆ.

"ಕಮ್ಮಿ ಆಗಿದ್ದು ದೊಡ್ಡವ್ವನ ಓಟಲ್ಲ," ಎಂದೆ. "ನಂದು."

ಮಗ್ಗ ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ಬಂದ ಯೋಚನೆ, ಎರಡು ಕಾಫಿ ಲೋಟ, ಸೊಂಟಕ್ಕೆ ಸಿಕ್ಕಿಸಿದ ಕಾಗದ, ಅವಳು ಆಣೆ ಕೇಳದಿದ್ದದ್ದು. ಆ ಕಾಗದದ ವಿಷಯ ನನಗ್ಯಾಕೆ ಹೇಳಲಿಲ್ಲ ಎಂದು ಕೊನೆಗೆ ಕೇಳಿಯೂ ಬಿಟ್ಟೆ, ತಪ್ಪು ಅವಳದೇ ಎಂಬ ಹಾಗೆ.

"ಹೇಳಿದ್ರೆ ನೀನು ಅದನ್ನೂ ಚಿತ್ರ ಬರೀತಿದ್ದೆ," ಎಂದಳು. "ತಿರುಗಾಮುರುಗಾ ಬಂದಿದ್ದಕ್ಕೇ ನೀನು ಅಷ್ಟು ನೊಂದ್ಕೊಂಡಿದ್ದೆ. ಮತ್ತೆ ಹೊಡೆಸಿದ್ರೆ ಊರೋರು ನಿನ್ನನ್ನ ಆಡ್ಕೊಳ್ತಾರೆ ಅಂತ ಬ್ಯಾಡ ಅಂದೆ. ಕೈಯಿಡು ಅಂತ ಕೇಳ್ಬೇಕಿತ್ತೇನು? ಅಣ್ಣನ್ನ ಕೇಳ್ತಾರೇನು ಯಾರಾದ್ರೂ?"

ಅವಳು ಲಾಳಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಯಾರಿಗೆ ಹಾಕ್ದೆ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದಳು. "ಬ್ಯಾಡ, ಹೇಳ್ಬ್ಯಾಡ. ಹೇಳಿದ್ರೆ ಇನ್ಮ್ಯಾಲೆ ಅವನ ಮುಖ ಕಂಡಾಗೆಲ್ಲ ನೀನು ಕಾಣ್ತೀಯ."

ಗುಂಡಿಯಿಂದ ಮೇಲೆ ಬಂದಳು. ಕಾಲು ಮೊಣಕಾಲಿನ ತನಕ ಒದ್ದೆಯಾಗಿತ್ತು, ಸೀರೆಯ ಅಂಚಿನಿಂದ ಒರೆಸಿಕೊಂಡಳು. ಮೂಲೆಯಲ್ಲಿದ್ದ ಖಾಲಿ ಕಂಡಿಕೆಗಳನ್ನೂ ನೂಲನ್ನೂ ಬುಟ್ಟಿಗೆ ಹಾಕಿಕೊಂಡು ಬೀದಿ ದಾಟಿದಳು. ಬುಟ್ಟಿಯನ್ನು ಮುದುಕಿಯ ಮಡಿಲಿನಲ್ಲಿ ಇಟ್ಟು, ಅವಳ ಕಾಲ ಹತ್ತಿರ ಕುಕ್ಕರಿಸಿ, "ತಪ್ಪಾತು ದೊಡ್ಡವ್ವ. ನೀನಲ್ಲ ಅದು," ಎಂದಳು.

ದೊಡ್ಡವ್ವನಿಗೆ ಕಿವಿ ಮಂದ, ಮಾತು ಜೋರು. "ನಾನು ಹೆಂಗೆ ಆಗ್ತೀನಮ್ಮಾ, ಕೈಯಿಟ್ಟಿಲ್ವಾ! ಮತ್ತೆ ಯಾರಂತೆ ಆ ಪಾಪಿಷ್ಠಿ?"

ತಂಗಿ ನನ್ನ ಕಡೆ ತಿರುಗಿ ನೋಡಲಿಲ್ಲ. "ಯಾರೋ, ಗೊತ್ತಾಗ್ಲಿಲ್ಲ ಬಿಡು," ಎಂದಳು. ನಾನು ಅಪ್ಪನ ಮನೆಯೊಳಗೆ ಕೂತು ಅದನ್ನು ಕೇಳಿಸಿಕೊಂಡೆ.